ರಾಕ್ ಕೇಳುವವರು ಸ್ಕಾ ಎಲ್ಲಿಂದ ಶುರು ಮಾಡಬೇಕು?

ರಾಕ್ ಇಷ್ಟ, ಆದರೆ ಜಮೈಕಾದಲ್ಲಿ ಹುಟ್ಟಿದ ಸ್ಕಾ ಸಂಗೀತದ ಹಾಡುಗಳೆಲ್ಲ ಒಂದೇ ಥರ ಕೇಳಿಸುತ್ತವೆ ಎಂದಿದ್ದೀರಿ. ತೊಂದರೆ ಬಹುಶಃ ನೀವು ಶುರು ಮಾಡಿದ ಜಾಗದಲ್ಲಿದೆ. ನೀವು ಕೇಳಿದ ಪಟ್ಟಿಯಲ್ಲಿರುವುದು ಬರೀ 1990ರ ದಶಕದ ಸ್ಕಾ-ಪಂಕ್ (ಸ್ಕಾ ಮತ್ತು ಪಂಕ್ ರಾಕ್ ಬೆರೆಸಿದ) ಬ್ಯಾಂಡ್‌ಗಳು ಅಲ್ವಾ? ಆ ವೇಗ, ಆ ಡಿಸ್ಟಾರ್ಷನ್ (ಗಿಟಾರಿನ ಒರಟು ಸದ್ದು) ನಡುವೆ ಸ್ಕಾದ ಆಫ್‌ಬೀಟ್ ಗಿಟಾರ್, ಅಂದರೆ ತಾಳದ ಎಣಿಕೆಗಳ ನಡುವೆ ನುಡಿಯುವ ಗಿಟಾರ್, ಎಷ್ಟೋ ಸಲ ಮುಚ್ಚಿಹೋಗುತ್ತದೆ.

ಮೊದಲು ದಿ ಸ್ಪೆಷಲ್ಸ್ ಅವರ 1979ರ ಚೊಚ್ಚಲ ಆಲ್ಬಂ ಪೂರ್ತಿ ಕೇಳಿ. ಇಂಗ್ಲೆಂಡಿನ ಕವೆಂಟ್ರಿಯ ಬ್ಯಾಂಡ್. ಪಂಕ್‌ನ ಸಿಟ್ಟೂ ಇದೆ, ಜಮೈಕಾದ ಲಯವೂ ಇದೆ. ಕೇಳುವಾಗ ಕಾಲಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ತಾಳ ಹಾಕಿ. ಗಿಟಾರ್ 'ಚಕ್' ಅನ್ನುವುದು ಎಣಿಕೆಯ ಮೇಲಲ್ಲ, ಎರಡು ಎಣಿಕೆಗಳ ನಡುವೆ. ಅದು ಕಿವಿಗೆ ಸಿಕ್ಕ ಕ್ಷಣ ಹಾಡುಗಳು ಬೇರೆ ಬೇರೆಯಾಗಿ ಕೇಳತೊಡಗುತ್ತವೆ, ನಿಜವಾಗಿಯೂ.

ಆಮೇಲೆ ಹಿಂದಕ್ಕೆ ಹೋಗಿ ದಿ ಸ್ಕಾಟಲೈಟ್ಸ್ ಕೇಳಿ. 1964ರಲ್ಲಿ ಜಮೈಕಾದಲ್ಲಿ ಕಟ್ಟಿದ ತಂಡ. ಜಾಸ್ತಿ ವಾದ್ಯಸಂಗೀತವೇ. ತಂಡದ ಡಾನ್ ಡ್ರಮಂಡ್ ಅವರ ಟ್ರೊಂಬೋನ್ (ಊದುವ ಹಿತ್ತಾಳೆ ವಾದ್ಯ) ಹಾಡುಗಾರನ ಹಾಗೆ ಮಾತಾಡುತ್ತದೆ. ರಾಕ್ ಕಿವಿಗೆ ಇದು ತಕ್ಷಣ ಹಿಡಿಸುತ್ತದೋ ಇಲ್ಲವೋ ಹೇಳಲಾರೆ. ನಾಲ್ಕೈದು ಹಾಡಿಗಾದರೂ ಸಮಯ ಕೊಡಿ.

ಕೊನೆಗೆ ಆಪರೇಷನ್ ಐವಿ ಎಂಬ ಸ್ಕಾ-ಪಂಕ್ ಬ್ಯಾಂಡ್. 1989ರ ಒಂದೇ ಒಂದು ಸ್ಟುಡಿಯೋ ಆಲ್ಬಂ, ಅಷ್ಟೇ. ಸ್ಕಾ-ಪಂಕ್‌ನಲ್ಲಿ ಅದಕ್ಕಿಂತ ಪ್ರಾಮಾಣಿಕವಾದದ್ದು ನಾನು ಕೇಳಿಲ್ಲ. ಹಿಡಿಸಿದರೆ ರ‍್ಯಾನ್ಸಿಡ್ ಕೇಳಿ, ಆಪರೇಷನ್ ಐವಿಯ ಇಬ್ಬರು ಸೇರಿ ಮುಂದೆ ಕಟ್ಟಿದ ಬ್ಯಾಂಡ್ ಅದು.

ಮ್ಯಾಡ್‌ನೆಸ್‌ನಿಂದಲೇ ಶುರು ಮಾಡಿ ಎಂದು ಹಲವರು ಹೇಳುತ್ತಾರೆ. ಒಳ್ಳೆಯ ಬ್ಯಾಂಡೇ, ಆದರೆ ಪಾಪ್ ಕಡೆ ವಾಲುತ್ತದೆ. ನಿಮಗೆ ಗಿಟಾರ್ ಮುಖ್ಯವಾದರೆ ಅದನ್ನು ಆಮೇಲೆ ಇಟ್ಟುಕೊಳ್ಳಿ.