‘ನಗರದ ನಡು ಬಿದ್ದರೆ ಮನುಷ್ಯ (2)’: ಪದಬಂಧದ ಇಂಥ ಸುಳಿವನ್ನು ಬಿಡಿಸುವುದು ಹೇಗೆ?

ಉತ್ತರ ‘ನರ’. ಇಂಥ ಸುಳಿವಿನಲ್ಲಿ ಎರಡು ತುಂಡು ಇರುತ್ತವೆ. ಒಂದು ಉತ್ತರದ ಅರ್ಥ, ಇಲ್ಲಿ ‘ಮನುಷ್ಯ’. ಇನ್ನೊಂದು ಅಕ್ಷರಗಳನ್ನು ಏನು ಮಾಡಬೇಕೆಂಬ ಸೂಚನೆ. ‘ನಗರ’ದ ನಡುವಿನ ‘ಗ’ ತೆಗೆದರೆ ‘ನರ’ ಉಳಿಯುತ್ತದೆ. ಕಂಸದ 2 ಎಂದರೆ ಎರಡು ಮನೆ.

ಅರ್ಥ ಸಾಮಾನ್ಯವಾಗಿ ಸುಳಿವಿನ ಮೊದಲಲ್ಲೋ ಕೊನೆಯಲ್ಲೋ ಇರುತ್ತದೆ. ಹಾಗಾಗಿ ವಾಕ್ಯವನ್ನು ವಾಕ್ಯವಾಗಿ ಓದಬೇಡಿ, ನಗರಕ್ಕೇನಾಯಿತು ಎಂದು ಯೋಚಿಸುತ್ತ ಕೂತರೆ ದಾರಿ ತಪ್ಪುತ್ತದೆ. ‘ಬಿದ್ದರೆ’, ‘ತಿರುಗಿದರೆ’, ‘ಅಡಗಿದ’, ‘ತಲೆ ಇಲ್ಲದ’ ಎಂಬಂಥ ಮಾತು ಕಂಡರೆ ಅದೇ ಸೂಚನೆ. ‘ಮಡಿಕೇರಿಯಲ್ಲಿ ಅಡಗಿದ ಓಣಿ (2)’ ಎಂದರೆ ಊರಿನ ಹೆಸರಿನೊಳಗೇ ‘ಕೇರಿ’ ಇದೆ.

ಕನ್ನಡದಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಮನೆಯ ಲೆಕ್ಕ. ಒಂದು ಮನೆಗೆ ಒಂದು ಪೂರ್ಣಾಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲ ಅದರ ಜೊತೆಗೇ ಚಲಿಸುತ್ತವೆ. ‘ಹೊಳೆ ಹಿಂದಕ್ಕೆ ಹರಿದರೆ ದಿವಸ (2)’ ನೋಡಿ: ಹೊಳೆ ಎಂದರೆ ‘ನದಿ’, ತಿರುಗಿಸಿದರೆ ‘ದಿನ’. ಗುಡಿಸು ‘ದ’ಕಾರವನ್ನು ಬಿಡದ್ದರಿಂದಲೇ ಇದು ಸಾಧ್ಯ. ಧ್ವನಿಗಳನ್ನೇ ಒಂದೊಂದಾಗಿ ತಿರುಗಿಸಿದ್ದರೆ ‘ಇದನ್’ ಎಂಬ ಅರ್ಥವಿಲ್ಲದ ಚೂರು ಬರುತ್ತಿತ್ತು. ‘ಅಕ್ಕ’ನನ್ನು ತಿರುಗಿಸಲು ಆಗದಿರುವುದೂ ಇದಕ್ಕೇ: ‘ಕ್ಕ’ದಿಂದ ಕನ್ನಡದ ಪದ ಶುರುವಾಗುವುದಿಲ್ಲ. ತಿರುಗಿಸುವ ಸುಳಿವು ಬಂದಾಗ ಇಂಥ ಒತ್ತಕ್ಷರದಲ್ಲಿ ಮುಗಿಯುವ ಪದಗಳನ್ನು ಮೊದಲೇ ಬದಿಗಿಡಿ.