ದುರ್ಬೀನಿಲ್ಲದೆ ಮಗುವಿನ ಡಿಜೆ ಸ್ಟೆಂಟ್ ತೆಗೆಯಬಹುದೇ?

ಮೂತ್ರಪಿಂಡದ ಅಡಚಣೆಗೆ ಪೈಲೊಪ್ಲಾಸ್ಟಿ (ಅಡಚಣೆಯ ಜಾಗವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆ) ಆಗಿರುವ ನಿಮ್ಮ 3 ವರ್ಷದ ಮಗಳಿಗೆ ಡಿಜೆ ಸ್ಟೆಂಟ್ (ಮೂತ್ರಪಿಂಡದಿಂದ ಮೂತ್ರಕೋಶದವರೆಗೆ ಇಡುವ, ಎರಡೂ ತುದಿ ಸುರುಳಿಯಾಗಿರುವ ತೆಳು ಕೊಳವೆ) ಹಾಕಿದ್ದಾರೆ, ಚಳ್ಳಕೆರೆಯಲ್ಲಿ ಮಕ್ಕಳಿಗೆ ಹೊಂದುವ ಸಿಸ್ಟೊಸ್ಕೋಪ್ (ಮೂತ್ರಕೋಶದೊಳಗೆ ನೋಡುವ ದುರ್ಬೀನು) ಸಿಗುತ್ತಿಲ್ಲ, ಅದಿಲ್ಲದೆಯೇ ತೆಗೆಸಬಹುದೇ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಮಕ್ಕಳ ಶಸ್ತ್ರಚಿಕಿತ್ಸಕಿಯಾಗಿರುವ ನಾನು ಹೇಳಬಹುದಾದದ್ದು ಇಷ್ಟು: ತೆಗೆಯಬಹುದು, ಆದರೆ ಅದು ಬಹುಮಟ್ಟಿಗೆ ಸ್ಟೆಂಟ್ ಹಾಕಿದ ದಿನವೇ ತೀರ್ಮಾನವಾಗಿರುತ್ತದೆ.

ಆದ್ದರಿಂದ ಮೊದಲು ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾವ ಬಗೆಯ ಸ್ಟೆಂಟ್ ಎಂದು ಬರೆದಿದ್ದಾರೆ ನೋಡಿ. ಕೆಳತುದಿಯ ದಾರವನ್ನು ಮೂತ್ರದ್ವಾರದಿಂದ ಹೊರತಂದು ತೊಡೆಗೆ ಅಂಟಿಸಿದ್ದರೆ ಕೆಲಸ ಸುಲಭ. ತಾಯಿಯ ಮಡಿಲಲ್ಲೇ ಮಗುವನ್ನು ಮಲಗಿಸಿ, ಪ್ಲಾಸ್ಟರ್ ನೆನೆಸಿ ಬಿಡಿಸಿ, ದಾರವನ್ನು ಒಂದೇ ಹದದಲ್ಲಿ ಎಳೆದರೆ ಮೇಲಿನ ಸುರುಳಿ ನೆಟ್ಟಗಾಗಿ ಸ್ಟೆಂಟ್ ಜಾರಿ ಬರುತ್ತದೆ. ಅಲ್ಲಿಯವರೆಗೆ ಮಗು ದಾರಕ್ಕೆ ಕೈ ಹಾಕದಂತೆ ಕಾಯಬೇಕು, ಅದೇ ಈ ವಿಧಾನದ ತೊಡಕು.

ಇನ್ನೊಂದು ಬಗೆಯಲ್ಲಿ ಸ್ಟೆಂಟಿನ ತುದಿಗೆ ಪುಟ್ಟ ಅಯಸ್ಕಾಂತವಿರುತ್ತದೆ. ಮರಗಟ್ಟಿಸುವ ಜೆಲ್ ಹಾಕಿ, ಅಯಸ್ಕಾಂತದ ಮೊನೆಯಿರುವ ಕ್ಯಾತಿಟರನ್ನು (ತೆಳು ನಳಿಕೆಯನ್ನು) ಮೂತ್ರಕೋಶದೊಳಕ್ಕೆ ಸೇರಿಸಿದಾಗ ಎರಡೂ ಅಂಟಿಕೊಳ್ಳುತ್ತವೆ, ಕ್ಯಾತಿಟರ್ ಎಳೆದಾಗ ಸ್ಟೆಂಟೂ ಜೊತೆಗೆ ಬರುತ್ತದೆ. ಬಹುಪಾಲು ಮಕ್ಕಳಿಗೆ ಪೂರ್ಣ ಅರಿವಳಿಕೆ ಬೇಕಾಗುವುದಿಲ್ಲ. ಅಂಥ ಸ್ಟೆಂಟ್ ಒಳಗಿರುವಾಗ ಎಂಆರ್‌ಐ ಮಾಡಿಸಬಾರದು ಎಂಬುದನ್ನು ಮಾತ್ರ ಮರೆಯಬೇಡಿ.

ದಾರವೂ ಅಯಸ್ಕಾಂತವೂ ಇಲ್ಲದಿದ್ದರೆ? ಹೆಣ್ಣುಮಕ್ಕಳಲ್ಲಿ ಮೂತ್ರಕೋಶದಿಂದ ಮೂತ್ರ ಹೊರಬರುವ ನಾಳ ಗಿಡ್ಡವಾಗಿರುವುದರಿಂದ ಸ್ಕ್ಯಾನಿಂಗ್ ನೆರವಿನಲ್ಲಿ ಸಣ್ಣ ಕೊಕ್ಕೆಯಿಂದ ತೆಗೆಯುವವರಿದ್ದಾರೆ. ಆದರೆ ಅದು ಪಳಗಿದ ಕೈಯ ಕೆಲಸ, ಅದಕ್ಕೂ ಮಗುವನ್ನು ಮಂಪರಿನಲ್ಲಿಡಬೇಕಾಗಬಹುದು. ಕೊಕ್ಕೆಗೆ ಸಿಗದಿದ್ದರೆ ಸಿಸ್ಟೊಸ್ಕೋಪಿ ಬೇಕೇ ಬೇಕು. ಹಾಗಾಗಿ ಆ ಅನುಕೂಲವಿಲ್ಲದ ಕಡೆ ಪ್ರಯತ್ನಿಸುವುದು ಬೇಡ, ಚಿತ್ರದುರ್ಗಕ್ಕೋ ದಾವಣಗೆರೆಗೋ ಕರೆತನ್ನಿ ಎಂದೇ ನಾನು ಹೇಳುತ್ತೇನೆ. ಅರಿವಳಿಕೆಯ ಬಗ್ಗೆ ನಿಮಗಿರುವ ಆತಂಕ ಅರ್ಥವಾಗುತ್ತದೆ, ಆದರೂ ದುರ್ಬೀನಿನ ಕೆಲಸ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು.

ನನಗೆ ನಿಜವಾಗಿ ಕಳವಳವಿರುವುದು ದಿನ ಮುಂದೂಡುವುದರ ಬಗ್ಗೆ. ಪೈಲೊಪ್ಲಾಸ್ಟಿಯ ಸ್ಟೆಂಟನ್ನು ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ತೆಗೆಯುತ್ತಾರೆ. ನೋವಿಲ್ಲವಲ್ಲ, ಸುಗ್ಗಿ ಮುಗಿಯಲಿ, ಜಾತ್ರೆ ಕಳೆಯಲಿ ಎಂದು ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೆ ಸುಣ್ಣದಂತೆ ಕಲ್ಲು ಕಟ್ಟಿಕೊಳ್ಳುತ್ತದೆ. ಆಗ ದಾರ, ಅಯಸ್ಕಾಂತ ಯಾವುದೂ ಉಪಯೋಗಕ್ಕೆ ಬರದೆ ಇನ್ನೊಂದು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ತೆಗೆದ ಮೇಲೆ ಸ್ಟೆಂಟಿನ ಎರಡೂ ಸುರುಳಿಗಳು ಪೂರ್ತಿ ಬಂದಿವೆಯೇ ಎಂದು ಕೇಳಿ ನೋಡಿಕೊಳ್ಳಿ. ಒಂದೆರಡು ದಿನ ಮೂತ್ರ ನಸುಗೆಂಪಾಗಿ ಉರಿಯಾಗುವುದು ಸಹಜ, ನೀರು ಹೆಚ್ಚು ಕುಡಿಸಿ. ಜ್ವರ, ವಾಂತಿ, ಪಕ್ಕೆನೋವು ಬಂದರೆ ಅಥವಾ ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.