ಗೌರಿ ಬೇರೆಯವರಿಗೆ ಹಾಲು ಬಿಡಲ್ಲ, ನಾನು ಎಷ್ಟು ದಿನ ಮಲಗಿರಲಿ?

ಪ್ರಶ್ನೆ: ನನಗೆ 46 ವರ್ಷ. ಮಂಡ್ಯ ಜಿಲ್ಲೆಯ ಒಂದು ಹಳ್ಳಿಯವಳು. ಗಡ್ಡೆ ಇದೆ ಅಂತ ಮೂರು ವಾರದ ಹಿಂದೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದರು. ಮೂರು ತಿಂಗಳು ಭಾರ ಎತ್ತಬಾರದು ಅಂದಿದ್ದಾರೆ. ಮನೆಯಲ್ಲಿ ಮೂರು ಸೀಮೆಹಸು ಇವೆ. ಹದಿನೈದು ವರ್ಷದಿಂದ ಕೊಟ್ಟಿಗೆ ನೋಡಿಕೊಂಡವಳು ನಾನೇ. ಡೇರಿ ಖಾತೆಯೂ ನನ್ನ ಹೆಸರಲ್ಲೇ ಇದೆ. ಈಗ ಯಜಮಾನರು ಮಾಡುತ್ತಿದ್ದಾರೆ, ಆದರೆ ಅವರಿಗೆ ಕೈ ಪಳಗಿಲ್ಲ. ಗೌರಿ ಒದೆಯುತ್ತಾಳೆ, ಹಾಲು ಬಿಡಲ್ಲ. ದಿನಕ್ಕೆ 22 ಲೀಟರ್ ಹಾಕುತ್ತಿದ್ದ ಮನೆ 16ಕ್ಕೆ ಬಂದಿದೆ. ಇನ್ನೊಂದು ಹಸು ಕೆಂಪಿ ಗಬ್ಬವಾಗಿ ಏಳು ತಿಂಗಳು ತುಂಬಿದೆ. ಮೂರನೆಯದು ಸಂಘದ ಸಾಲದಲ್ಲಿ ತಂದದ್ದು, ವಾರ ವಾರ ಕಂತು ಕಟ್ಟಬೇಕು. ಎರಡು ಹಸು ಮಾರಿಬಿಡೋಣ ಅಂತ ಯಜಮಾನರು ಹಟ ಹಿಡಿದಿದ್ದಾರೆ. "ನಾವು ಹೆತ್ತ ಹನ್ನೊಂದನೇ ದಿನಕ್ಕೆ ಕಳೆ ಕೀಳೋಕೆ ಹೋಗ್ತಿದ್ವಿ" ಅನ್ನುತ್ತಾರೆ ಅತ್ತೆ. ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಮೊನ್ನೆ ಯಾರೂ ಇಲ್ಲದಾಗ ನಾನೇ ಕೂತು ಗೌರಿಯನ್ನು ಕರೆದೆ, ಬಕೆಟ್ಟನ್ನೂ ಎತ್ತಿದೆ. ಅವತ್ತಿಂದ ಕೆಳಹೊಟ್ಟೆ ಎಳೆಯುತ್ತಿದೆ. ಒಂದೆರಡು ಸಲ ರಕ್ತದ ಕಲೆ ಕಂಡಿತು. ಯಾರಿಗೂ ಹೇಳಿಲ್ಲ. ಸುಮ್ನೆ ಕೂತಲ್ಲೇ ಅಳು ಬರುತ್ತದೆ. ಹಸು ಮಾರಲಾ, ಬೇಡ್ವಾ?

ಉತ್ತರ: ಹಸು ಮಾರುವ ಮಾತು ಆಮೇಲೆ. ಯಾರಿಗೂ ಹೇಳಿಲ್ಲ ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಆ ರಕ್ತದ ಕಲೆ ಮೊದಲು. ಇದನ್ನು ಓದಿದ ದಿನವೇ ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಹೋಗಿ. ಮುಂದಿನ ಚೆಕಪ್ಪಿನ ತಾರೀಕಿಗೆ ಕಾಯಬೇಡಿ. ಈ ಆಪರೇಷನ್ ಆದ ಮೇಲೆ ಕೆಲವು ವಾರ ಅಲ್ಪಸ್ವಲ್ಪ ಕಲೆ ಕಾಣುವುದು ಇದ್ದದ್ದೇ. ಆದರೆ ನಿಮಗೆ ಶುರುವಾಗಿರುವುದು ಭಾರ ಎತ್ತಿದ ಮೇಲೆ, ಜೊತೆಗೆ ಹೊಟ್ಟೆ ಬೇರೆ ಎಳೆಯುತ್ತಿದೆ. ಒಳಗಿನ ಹೊಲಿಗೆ ಹೇಗಿದೆ ಅಂತ ನೋಡಿಸಲೇಬೇಕು. ಬಕೆಟ್ ಎತ್ತಿದ್ದನ್ನು ಮುಚ್ಚಿಡಬೇಡಿ. ಡಾಕ್ಟರು ಬೈದರೆ ಬೈಸಿಕೊಳ್ಳಿ. ರಕ್ತ ಜಾಸ್ತಿ ಹೋದರೆ, ಚಳಿಜ್ವರ ಬಂದರೆ, ಕೆಟ್ಟ ವಾಸನೆಯ ಬಿಳಿಸೆರಗು ಕಂಡರೆ, ಒಂದು ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ತಡ ಮಾಡದೆ ಆಸ್ಪತ್ರೆಗೆ ಹೊರಡಿ. ಎದೆ ಹಿಡಿದು ಉಸಿರು ಕಟ್ಟಿದ ಹಾಗಾದರೆ ಸರಿರಾತ್ರಿಯಾದರೂ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ, ಹಾಲು ಕರೆದು ಹೋಗೋಣ ಅನ್ನುವುದು ಬೇಡ.

ಹೊರಗಿನ ಹೊಲಿಗೆ ವಾರ, ಹತ್ತು ದಿನಕ್ಕೆ ಬಿಚ್ಚುತ್ತಾರೆ. ಆಗ ಮನೆಯವರೆಲ್ಲ ಗಾಯ ಮಾಯಿತು ಅಂದುಕೊಳ್ಳುತ್ತಾರೆ. ನೀವೂ ಹಾಗೇ ಅಂದುಕೊಂಡಿರಿ ಅಂತ ಕಾಣುತ್ತದೆ. ಮಾಯ್ದಿರುವುದು ಮೇಲಿನ ಚರ್ಮ ಅಷ್ಟೇ. ಅದರ ಕೆಳಗೆ ಕರುಳನ್ನೆಲ್ಲ ಒಳಗೆ ಬಿಗಿದು ಹಿಡಿದಿರುವ ಒಂದು ಗಟ್ಟಿ ಪದರ ಇದೆ. ಅದನ್ನೂ ಕೊಯ್ದು ಹೊಲಿದಿರುತ್ತಾರೆ. ಅದು ಬಲಿಯಲು ತಿಂಗಳುಗಳೇ ಬೇಕು. ಗರ್ಭಕೋಶ ತೆಗೆದ ಜಾಗದಲ್ಲಿ, ಯೋನಿಯ ಮೇಲ್ತುದಿಯಲ್ಲಿ ಇನ್ನೊಂದು ಹೊಲಿಗೆ ಇರುತ್ತದೆ. ಅದಂತೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಭಾರ ಅಂದರೆ ಬಕೆಟ್ ಮಾತ್ರ ಅಲ್ಲ. ಹಸಿ ಸಗಣಿ ತುಂಬಿದ ಮಂಕರಿ, ಹಸಿಹುಲ್ಲಿನ ಹೊರೆ, ಹಿಂಡಿ ಮೂಟೆ ಎಲ್ಲ ಭಾರವೇ. ಕುಕ್ಕರುಗಾಲಲ್ಲಿ ಕೂತು ಕೆಚ್ಚಲು ಹಿಂಡುವಾಗ ಹೊಟ್ಟೆಯ ಒಳಗಿನ ಒತ್ತಡವೆಲ್ಲ ಆ ಹೊಲಿಗೆಗಳ ಮೇಲೇ ಬೀಳುತ್ತದೆ. ಒಂದು ಸೀಮೆಹಸು ಅಂದರೆ 400-500 ಕೆಜಿ. ಅದು ಹಗ್ಗ ಜಗ್ಗಿದಾಗ ನೀವು ಯೋಚನೆ ಮಾಡುವ ಮೊದಲೇ ಕೈ ಬಿಗಿ ಹಿಡಿದಿರುತ್ತದೆ. ಕೊಟ್ಟಿಗೆಯ ನೆಲ ಗಂಜಲದಿಂದ ಜಾರುತ್ತದೆ. ಬೀಳದೆ ಇರಲು ಒಂದು ಸಲ ಮೈ ಹುರಿಗೊಳಿಸಿದರೂ ಸಾಕು, ಹೊಟ್ಟೆ ಹಿಡಿದುಕೊಳ್ಳುತ್ತದೆ.

ಲೆಕ್ಕದಲ್ಲೇ ಹೇಳುತ್ತೇನೆ, ನೀವು ಲೆಕ್ಕದ ಮನುಷ್ಯರು ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ದಿನಕ್ಕೆ 6 ಲೀಟರ್ ಕಡಿಮೆಯಾಗಿದೆ. ಲೀಟರಿಗೆ ಮೂವತ್ತು ಚಿಲ್ಲರೆ ಹಿಡಿದರೂ ದಿನಕ್ಕೆ ಸುಮಾರು 200 ರೂಪಾಯಿ. ಎರಡು ತಿಂಗಳಿಗೆ 12,000. ಚಿಕ್ಕ ದುಡ್ಡಲ್ಲ, ಒಪ್ಪುತ್ತೇನೆ. ಆದರೆ ಒಳಗಿನ ಪದರ ಬಿಟ್ಟುಕೊಂಡು ಕರುಳು ಉಬ್ಬಿ ಬಂದು ಹರ್ನಿಯಾ ಆದರೆ ಇನ್ನೊಂದು ಆಪರೇಷನ್, ಒಳಗೆ ಮೆಶ್ ಅಂದರೆ ಬಲೆ ಹಾಕಿಸಿಕೊಳ್ಳುವುದು, ಮತ್ತೆ ತಿಂಗಳುಗಟ್ಟಲೆ ಮಲಗುವುದು. ಆಗ ಈ 12,000 ಎಲ್ಲಿಗೆ ಸಾಕಾಗುತ್ತದೆ?

ಇನ್ನು ನಿಮ್ಮ ಮನಸ್ಸಿನ ಮಾತು. ಪತ್ರದಲ್ಲಿ ನಿಮ್ಮ ನೋವಿಗೆ ಎರಡು ಸಾಲು, ಮಿಕ್ಕಿದ್ದೆಲ್ಲ ಹಸುಗಳ ಬಗ್ಗೆ. ಡೇರಿ ಖಾತೆ ನನ್ನ ಹೆಸರಲ್ಲಿದೆ ಅಂತ ಹೇಳುವುದನ್ನು ಮರೆತಿಲ್ಲ ನೀವು. ನಿಮಗಿರುವ ಭಯ ಹಾಲು ಕಡಿಮೆಯಾದದ್ದಕ್ಕಿಂತ ದೊಡ್ಡದು ಅಂತ ನನಗನ್ನಿಸುತ್ತದೆ. ಮೂರು ತಿಂಗಳು ಮಲಗಿದರೆ ಕೊಟ್ಟಿಗೆ ಕೈತಪ್ಪಿ ಹೋಗುತ್ತದೆ, ಎದ್ದು ಬರುವಷ್ಟರಲ್ಲಿ ಹಸುವೂ ಇರುವುದಿಲ್ಲ, ಬಟವಾಡೆಯೂ ಇರುವುದಿಲ್ಲ, ಆಮೇಲೆ ಒಂದು ರವಿಕೆ ಬಟ್ಟೆಗೂ ಕೈ ಚಾಚಬೇಕು ಅನ್ನುವ ಭಯ. ಅದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ಹೆಂಗಸರು ಕಾಯಿಲೆ ಬಿದ್ದಾಗ ಮನೆಯಲ್ಲಿ ಮೊದಲು ಮಾರಾಟವಾಗುವುದು ಅವರು ಸಾಕಿದ್ದೇ. ಅದಕ್ಕೇ ನನ್ನ ಸಲಹೆ ಇಷ್ಟು: ಮೈಮುರಿಯುವ ಕೆಲಸವನ್ನು ಪೂರ್ತಿ ಬಿಟ್ಟುಕೊಡಿ, ಯಜಮಾನಿಕೆಯನ್ನು ಒಂದು ಚೂರೂ ಬಿಡಬೇಡಿ. ಹಾಲು ನಿಮ್ಮ ನಂಬರಿಗೇ ಹೋಗಲಿ. ಡೇರಿಯ ಪುಸ್ತಕ ನಿಮ್ಮ ದಿಂಬಿನ ಪಕ್ಕ ಇರಲಿ. ಫ್ಯಾಟ್ ಎಷ್ಟು ಬಂತು, ಬಟವಾಡೆ ಎಷ್ಟು ಬಂತು, ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನ ಖಾತೆಗೆ ಬಿತ್ತಾ ಅಂತ ನೀವೇ ನೋಡಿ. ಸಂಘದ ಕಂತು ನಿಮ್ಮ ಕೈಯಿಂದಲೇ ಹೋಗಲಿ.

ಈಗ ಗೌರಿ. ಅವಳು ಹಟಮಾರಿ ಅಂತ ಬೈಯಬೇಡಿ. ಗುರುತಿಲ್ಲದ ಕೈ ಕೆಚ್ಚಲಿಗೆ ಬಿದ್ದರೆ ಹಸು ಬೆದರುತ್ತದೆ. ಬೆದರಿದ ಹಸುವಿಗೆ ಹಾಲು ಇಳಿಸುವ ಹಾರ್ಮೋನು ಕೆಲಸ ಮಾಡುವುದಿಲ್ಲ. ಹಾಲು ಕೆಚ್ಚಲಲ್ಲಿ ಇದ್ದರೂ ಕೆಳಗಿಳಿಯುವುದಿಲ್ಲ. ಹಾಗಂತ ಯಾರೋ ಹೇಳಿದರು ಅಂತ ಹಾಲು ಇಳಿಸುವ ಇಂಜೆಕ್ಷನ್ ಚುಚ್ಚಿಸಬೇಡಿ. ಅದರ ಅಭ್ಯಾಸ ಹತ್ತಿಸಿದರೆ ನಾಳೆ ನಿಮ್ಮ ಕೈಗೂ ಬಿಡುವುದಿಲ್ಲ.

ಹೀಗೆ ಮಾಡಿ. ಡಾಕ್ಟರು ಓಡಾಡಬಹುದು ಅಂದ ಮೇಲೆ, ಕರೆಯುವ ಹೊತ್ತಿಗೆ ಗೋದಲಿಯ ಆಚೆ ಒಂದು ಕುರ್ಚಿ ಹಾಕಿಸಿಕೊಂಡು ಕೂತುಕೊಳ್ಳಿ. ಗೌರಿಯ ಮೂತಿ ಕಾಣಬೇಕು, ಕೊಂಬಾಗಲಿ ಕಾಲಾಗಲಿ ನಿಮಗೆ ತಾಗಬಾರದು, ಅಷ್ಟು ದೂರ. ದಿನಾ ಏನು ಮಾತಾಡಿಸುತ್ತಿದ್ದಿರೋ ಅದನ್ನೇ ಮಾತಾಡಿಸಿ. ಹೊತ್ತು ಬದಲಾಗಬಾರದು. ಮೊದಲು ಬೂಸಾ, ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆಯುವುದು, ಆಮೇಲೆ ಮೊಲೆ. ನೀವು ಯಾವ ಮೊಲೆಯಿಂದ ಶುರು ಮಾಡುತ್ತಿದ್ದಿರೋ ಯಜಮಾನರೂ ಅಲ್ಲಿಂದಲೇ ಶುರು ಮಾಡಲಿ. ಅವರು ನಿಮ್ಮ ಹಳೇ ಸೀರೆ ಸುತ್ತಿಕೊಂಡು ಕೂತರೂ ತಪ್ಪಿಲ್ಲ. ನಗಬೇಡಿ. ಹಸುವಿಗೆ ವಾಸನೆಯಲ್ಲೇ ಅರ್ಧ ಗುರುತು, ಹಳ್ಳಿಗಳಲ್ಲಿ ಎಷ್ಟೋ ಗಂಡಸರು ಹೀಗೇ ಕರೆದಿದ್ದಾರೆ. ಬೆಳಗಿನ ಜಾವ ಯಾರು ನೋಡುತ್ತಾರೆ?

ಸೊರ ಬಿಟ್ಟ ಮೇಲೆ, ಅಂದರೆ ಹಾಲು ಕೆಳಗಿಳಿದ ಮೇಲೆ, ಐದಾರು ನಿಮಿಷದಲ್ಲಿ ಪೂರ್ತಿ ಕರೆದು ಮುಗಿಸಬೇಕು. ಅರ್ಧ ಹಾಲು ಒಳಗೇ ಉಳಿದರೆ ಕೆಚ್ಚಲು ಬಾವು. ಮೊದಲ ಎರಡು ಸೆಳೆ ಹಾಲನ್ನು ಕಪ್ಪು ತಟ್ಟೆಗೆ ಹಿಂಡಿ, ಗರಣೆ ಇದೆಯಾ ನೋಡಬೇಕು. ಕರೆದಾದ ಮೇಲೆ ಮೊಲೆತೊಟ್ಟನ್ನು ಔಷಧಿಯಲ್ಲಿ ಅದ್ದಿ, ಹುಲ್ಲು ಹಾಕಿ ಅರ್ಧ ಗಂಟೆ ಮಲಗದ ಹಾಗೆ ನಿಲ್ಲಿಸಬೇಕು. ಇದೆಲ್ಲ ನಿಮಗೆ ನೀರು ಕುಡಿದ ಹಾಗೆ. ಯಜಮಾನರಿಗೆ ಗೊತ್ತಿಲ್ಲ. ಹದಿನೈದು ವರ್ಷದಲ್ಲಿ ಅವರು ಕಲಿಯಲಿಲ್ಲ, ನೀವೂ ಕಲಿಸಲಿಲ್ಲ, ಅಲ್ವಾ? ಕಲಿಸುವಾಗ "ನಿಮ್ಮ ಕೈಲಿ ಆಗಲ್ಲ ಬಿಡಿ" ಅನ್ನುವ ಮಾತು ಬಾಯಿಂದ ಬರಬಾರದು. ಪಾಪ, ಬೆಳಗಿನ ಜಾವ ಎದ್ದು ಒದೆಸಿಕೊಳ್ಳುತ್ತಿರುವವರು ಅವರು.

ಕೆಂಪಿಗೆ ಏಳು ತಿಂಗಳು ತುಂಬಿದೆ ಅಂದಿರಿ. ಇನ್ನೂ ಕರೆಯುತ್ತಿದ್ದರೆ ನಿಲ್ಲಿಸುವ ಹೊತ್ತು ಬಂದಿದೆ. ಕರು ಹಾಕುವ ಎರಡು ತಿಂಗಳ ಮೊದಲು ಬತ್ತಿಸಿದರೆ ಮುಂದಿನ ಸೂಲಿನಲ್ಲಿ ಹಾಲು ಚೆನ್ನಾಗಿರುತ್ತದೆ. ಪಶುವೈದ್ಯರನ್ನು ಕರೆಸಿ ಕೆಚ್ಚಲಿಗೆ ಹಾಕುವ ಟ್ಯೂಬಿನ ಬಗ್ಗೆ ಕೇಳಿ. ಒಂದು ಹಸುವಿನ ಕರೆಯುವ ಕೆಲಸ ಅಲ್ಲಿಗೆ ಕಡಿಮೆಯಾಯಿತು. ಅವಳು ಕರು ಹಾಕುವ ದಿನ ಮಾತ್ರ ನೀವು ಕೊಟ್ಟಿಗೆಯ ಬಾಗಿಲಲ್ಲೇ ಇರಿ. ಕರು ಎಳೆಯುವುದು, ಕರುವಿನ ಹಿಂದೆ ಬೀಳುವ ಸತ್ತೆ (ಮಾಸು) ಮುಟ್ಟುವುದು ನಿಮಗೆ ಬೇಡ. ಎಳೆಯುವ ರಟ್ಟೆ ನಿಮಗೆ ಈಗಿಲ್ಲ. ಕಂದು ಹಾಕುವ (ಗಬ್ಬ ಇಳಿದುಹೋಗುವ) ರೋಗ ಹಸುವಿಗಿದ್ದರೆ ಅದು ಸತ್ತೆಯಿಂದ ಮನುಷ್ಯರಿಗೂ ಹತ್ತುತ್ತದೆ. ಯಾರೇ ಮುಟ್ಟಿದರೂ ಕೈಗೆ ಗ್ಲೌಸ್ ಇರಲಿ.

ಸಗಣಿ ಬಾಚಲು, ಹುಲ್ಲು ಕೊಯ್ಯಲು ಯಾರನ್ನಾದರೂ ಗೊತ್ತು ಮಾಡಿ. ಕೂಲಿ ಕೊಡಲು ಕಷ್ಟವಾದರೆ ಮುಯ್ಯಾಳು ಕೇಳಿ. ನಿಮ್ಮ ಡೇರಿಗೆ ಹಾಲು ಹಾಕುವ ಹೆಂಗಸರಲ್ಲಿ ಇಬ್ಬರು ಒಪ್ಪಿದರೂ ಸಾಕು. ಈಗ ಅವರು ಬರಲಿ, ಮುಂದೆ ಅವರ ಮನೆಯಲ್ಲಿ ಬಾಣಂತನವೋ ಮದುವೆಯೋ ಆದಾಗ ನೀವು ಹೋಗಿ. ಕೇಳಲು ನಾಚಿಕೆ ಯಾಕೆ? ಮಗನಿಗೂ ಸರಿಯಾಗಿ ಹೇಳಿ. "ಅಮ್ಮ ಚೆನ್ನಾಗಿದ್ದೀನಿ ಕಣಪ್ಪ" ಅಂತ ಫೋನಲ್ಲಿ ಹೇಳಿದರೆ ಅವನು ನಂಬಿಬಿಡುತ್ತಾನೆ. ವಾರಕ್ಕೊಂದು ದಿನ ಬಂದು ಹಿಂಡಿ ಮೂಟೆ ಇಳಿಸಿ, ಹುಲ್ಲು ಕತ್ತರಿಸಿಟ್ಟು ಹೋಗಲಿ.

ಅತ್ತೆಯವರ ಮಾತಿಗೆ ಎದುರು ಮಾತು ಬೇಡ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಕಾಲದಲ್ಲಿ ಹಾಗೇ ದುಡಿಸಿದರು. ಹಸಿಮೈಯಲ್ಲಿ ದುಡಿದ ಎಷ್ಟೋ ಹೆಂಗಸರಿಗೆ ಆಮೇಲೆ ಗರ್ಭಕೋಶ ಜಾರಿದೆ, ಕೆಮ್ಮಿದರೆ ಮೂತ್ರ ಹೋಗುತ್ತದೆ. ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ಅಷ್ಟೇ. ಒಂದು ಮಧ್ಯಾಹ್ನ ಅವರೊಬ್ಬರೇ ಇದ್ದಾಗ "ಅತ್ತೆ, ನಿಮಗೆ ಆಮೇಲೆ ಏನೂ ತೊಂದರೆ ಆಗಲಿಲ್ವಾ?" ಅಂತ ಮೆಲ್ಲಗೆ ಕೇಳಿ ನೋಡಿ.

ಪೂರ್ತಿ ಮಲಗಿಯೇ ಇರುವುದೂ ಒಳ್ಳೆಯದಲ್ಲ. ಡಾಕ್ಟರು ಬೇಡ ಅನ್ನದಿದ್ದರೆ ಅಂಗಳದಲ್ಲಿ ದಿನಾ ಸ್ವಲ್ಪ ಸ್ವಲ್ಪ ನಡೆದಾಡಿ. ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಮಲಬದ್ಧತೆಯೂ ಕಡಿಮೆಯಾಗುತ್ತದೆ. ಸೊಪ್ಪು, ಹಣ್ಣು, ನೀರು ಜಾಸ್ತಿ ಇರಲಿ, ತಿಣುಕುವ ಪ್ರಸಂಗ ಬರಬಾರದು. ಕೆಮ್ಮು ಬಂದರೆ ಹೊಟ್ಟೆಗೆ ಒಂದು ದಿಂಬು ಒತ್ತಿ ಹಿಡಿದು ಕೆಮ್ಮಿ.

ಅಳುವಿನ ಬಗ್ಗೆ ಒಂದು ಮಾತು. ಡಾಕ್ಟರ ಹತ್ತಿರ ಹೋದಾಗ ಅಂಡಾಶಯ ಉಳಿಸಿದ್ದಾರಾ, ಅದನ್ನೂ ತೆಗೆದಿದ್ದಾರಾ ಅಂತ ಕೇಳಿ. ಡಿಸ್ಚಾರ್ಜ್ ಚೀಟಿಯಲ್ಲೂ ಬರೆದಿರುತ್ತದೆ. ಎರಡನ್ನೂ ತೆಗೆದಿದ್ದರೆ ಮುಟ್ಟು ನಿಲ್ಲುವ ಕಾಲದ ತೊಂದರೆಗಳೆಲ್ಲ ಒಂದೇ ಸಲ ಮೇಲೆ ಬೀಳುತ್ತವೆ. ಮೈ ಬಿಸಿಯಾಗುವುದು, ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು ಬರುವುದು. ಅದಕ್ಕೆ ಔಷಧಿ ಇದೆ. ತೆಗೆದಿಲ್ಲ ಅಂದರೂ ಅಳುವನ್ನು ಮುಚ್ಚಿಡಬೇಡಿ, ಅದನ್ನೂ ಹೇಳಿ.

ಆಪರೇಷನ್ ಖರ್ಚಿನ ಬಗ್ಗೆ ನೀವು ಏನೂ ಬರೆದಿಲ್ಲ. ಸಹಕಾರ ಸಂಘದ ಸದಸ್ಯರಿಗೆ ಆಸ್ಪತ್ರೆ ಖರ್ಚಿಗೆ ನೆರವಾಗುವ ಯಶಸ್ವಿನಿ ಯೋಜನೆ ಇದೆ. 2003ರಲ್ಲಿ ಶುರುವಾದದ್ದು, ನಡುವೆ ಕೆಲವು ವರ್ಷ ನಿಂತಿತ್ತು, 2023ರಿಂದ ಮತ್ತೆ ನಡೆಯುತ್ತಿದೆ. ವರ್ಷ ವರ್ಷ ಹೆಸರು ಬರೆಸಬೇಕು. ನಿಮ್ಮ ಡೇರಿಯ ಕಾರ್ಯದರ್ಶಿಯನ್ನು ಕೇಳಿ, ಮುಂದಿನ ಸಲ ತಪ್ಪಿಸಬೇಡಿ.

ಇನ್ನು ನೀವು ಕೇಳಿದ ಪ್ರಶ್ನೆ. ಈ ಮೂರು ತಿಂಗಳಲ್ಲಿ ಯಾವ ಹಸುವನ್ನೂ ಮಾರಬೇಡಿ. ಯಜಮಾನಿ ಮಲಗಿದ್ದಾಳೆ ಅಂತ ಗೊತ್ತಾದರೆ ದಲ್ಲಾಳಿ ಕೇಳುವ ರೇಟೇ ಬೇರೆ. ಯಜಮಾನರು ಸಿಟ್ಟಿನಿಂದ ಮಾರೋಣ ಅನ್ನುತ್ತಿಲ್ಲ, ಅವರಿಗೆ ಸುಸ್ತಾಗಿದೆ, ನಿಮ್ಮ ಬಗ್ಗೆ ದಿಗಿಲೂ ಇದೆ ಅಂತ ನನ್ನ ಊಹೆ. ಆಳು ಸಿಕ್ಕಿ, ಕೆಂಪಿ ಬತ್ತಿದ ಮೇಲೆ ಆ ಮಾತು ತಾನಾಗಿ ಕಡಿಮೆಯಾಗಬಹುದು. ಆಮೇಲೂ ಮೂರು ಹಸು ನಿಮ್ಮಿಬ್ಬರಿಗೆ ಜಾಸ್ತಿಯೇ ಅನ್ನಿಸಿದರೆ, ಅನ್ನಿಸಲೂಬಹುದು, ಒಂದನ್ನು ಮಾರಿ. ಯಾವುದನ್ನು ಅನ್ನುವುದು ನಿಮ್ಮ ತೀರ್ಮಾನ. ಕೆಂಪಿ ಕರು ಹಾಕಲಿ, ಡಾಕ್ಟರು ಸರಿ ಅನ್ನಲಿ, ಆಮೇಲೆ ಕೊಟ್ಟಿಗೆಯಲ್ಲಿ ನೀವೇ ನಿಂತು ವ್ಯಾಪಾರ ಮಾಡಿ.